ಎಂಟು ಜನರ ಚೀಟಿ, ಸಾಲದ ಪಾಳಿ, ಹೊರಊರಿನ ಪಂದ್ಯ

'ಪಾಳಿ ಕೆಲಸ ಮಾಡುವವನು ವರ್ಷಕ್ಕೆ ಎರಡು ಹೊರಊರಿನ ಪಂದ್ಯ ನೋಡಿದರೆ ಅದೇ ಪುಣ್ಯ' ಎಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಫುಟ್‌ಬಾಲ್ ನೋಡಲು ನನ್ನ ಪಕ್ಕ ನಿಲ್ಲುವ ಹಿರಿಯರೊಬ್ಬರು ಹೇಳಿದ್ದರು. ಹೇಳುವ ಅರ್ಹತೆ ಅವರಿಗಿತ್ತು. 2014ರ ಏಪ್ರಿಲ್‌ನಲ್ಲಿ ಗೋವಾದ ಫತೋರ್ಡಾಕ್ಕೆ ಹೋಗಿ, ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಮೊದಲ ಐ-ಲೀಗ್ ಗೆದ್ದದ್ದನ್ನು ಕಣ್ಣಾರೆ ಕಂಡುಬಂದವರು ಅವರು. ನಾನು ಪೀಣ್ಯದ ಕಾರ್ಖಾನೆಯಲ್ಲಿ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ, ಓಡಿಸುವವನು. 2024–25ರ ಋತುವಿನಲ್ಲಿ ಬೆಂಗಳೂರು ಎಫ್‌ಸಿಯ ಹಿಂದೆ ಇಂಡಿಯನ್ ಸೂಪರ್ ಲೀಗ್‌ನ ಐದು ಹೊರಊರಿನ ಪಂದ್ಯ, ಮೇಲೊಂದು ಸೆಮಿಫೈನಲ್ ನೋಡಿ ಬಂದೆ. ಸಂಬಳ ಕಡಿತವಾದದ್ದು ಒಂದೇ ದಿನ. ಅವರಿಗೆ ಈ ಲೆಕ್ಕ ಒಪ್ಪಿಸಿದಾಗ ಏನೂ ಹೇಳಲಿಲ್ಲ, ಕಾಫಿ ಕೊಡಿಸಿದರು.

ಮೊದಲು ಕಳೆದುಕೊಂಡ ಹಣದ ಲೆಕ್ಕ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ನಮ್ಮ ಲೀಗ್ ಪಂದ್ಯಗಳೆಲ್ಲ ಗೋವಾದೊಳಗೆ, ಖಾಲಿ ಗ್ಯಾಲರಿಯ ಮುಂದೆ ನಡೆದವು. 2022–23ರಲ್ಲಿ ಬಾಗಿಲು ತೆರೆದಾಗ ಹಸಿದವನು ಎಲೆಯ ಮುಂದೆ ಕುಳಿತಂತೆ ಕುಳಿತೆ. ನಾಲ್ಕು ಪಂದ್ಯಕ್ಕೆ ಹತ್ತಿರ ಹತ್ತಿರ ಇಪ್ಪತ್ತೆರಡು ಸಾವಿರ ಹೋಯಿತು. ಕೊನೆಯ ಗಳಿಗೆಯ ಬಸ್ ದರ, ನಾಲ್ಕು ಗಂಟೆಯೂ ಮಲಗದ ಲಾಡ್ಜಿಗೆ ಒಂದು ದಿನದ ಬಾಡಿಗೆ, ರಾತ್ರಿ ಕ್ರೀಡಾಂಗಣದ ಹೊರಗೆ ಆಟೊದವರು ಕೇಳಿದಷ್ಟು. ಹೆಂಡತಿ ಬೈಯಲಿಲ್ಲ. ಮಗಳ ಶಾಲೆಯ ಶುಲ್ಕದ ರಸೀದಿಯನ್ನು ನನ್ನ ನೀಲಿ ಜೆರ್ಸಿಯ ಮೇಲೆ ಮಡಿಸಿಟ್ಟಳು, ಅಷ್ಟೆ.

ಮುಂದಿನ ವರ್ಷ ಚೀಟಿ ಹಾಕಿದೆವು. ಹತ್ತು ಜನ, ಕೂಗುವ ಚೀಟಿ. ಇದು ಶುದ್ಧ ದಡ್ಡತನ. ಎರಡನೇ ತಿಂಗಳಲ್ಲೇ ಒಬ್ಬ ಕೂಗಿ ಎತ್ತಿಕೊಂಡು ಆ ಹಣದಲ್ಲಿ ಫ್ರಿಜ್ ತಂದ. ಕೊಚ್ಚಿಗೆ ಹೊರಡುವ ಹೊತ್ತಿಗೆ ಚೀಟಿಯಲ್ಲಿ ಹಣವೂ ಇರಲಿಲ್ಲ, ಕಂತು ಕಟ್ಟಬೇಕಾದ ಅವನ ಪತ್ತೆಯೂ ಇರಲಿಲ್ಲ.

2024ರಲ್ಲಿ ಕೂಗುವುದನ್ನು ಬಿಟ್ಟೆವು. ಎಂಟು ಜನ, ಸಂಬಳವಾದ ಮರುದಿನ ತಲೆಗೆ ಸಾವಿರ, ಆಗಸ್ಟ್‌ನಿಂದ ಮಾರ್ಚ್‌ವರೆಗೆ. ಎತ್ತಿಕೊಳ್ಳುವಂತಿಲ್ಲ, ಟಿಕೆಟ್ಟಿಗೆ ಮಾತ್ರ ಖರ್ಚು. ಎಂಟೇ ಏಕೆಂದರೆ ಸ್ಲೀಪರ್ ಬೋಗಿಯ ಒಂದು ಅಂಕಣದಲ್ಲಿ ಎದುರುಬದುರು ಆರು, ಪಕ್ಕಕ್ಕೆ ಎರಡು, ಒಟ್ಟು ಎಂಟು ಮಲಗುವ ಸೀಟು. ಅಂಕಣ ಪೂರ್ತಿ ನಮ್ಮದೇ ಆದರೆ ರಾತ್ರಿ ಹನ್ನೊಂದರ ಮೇಲೂ ಮೆತ್ತಗೆ ಹಾಡಬಹುದು, ಡ್ರಮ್ಮಿಗೆ ಜಾಗ ಸಿಗುತ್ತದೆ, ಯಾರ ಜೊತೆಯೂ ಜಗಳವಿಲ್ಲ. ಒಂದು ಟಿಕೆಟ್ಟಿನಲ್ಲಿ ಆರು ಜನರಿಗಷ್ಟೇ ಅವಕಾಶ. ಆರು ಮತ್ತು ಎರಡು ಎಂದು ಮಾಡಿದರೆ ಆ ಇಬ್ಬರು ಬೇರೆ ಬೋಗಿಗೆ ಹೋಗಿ ಬೀಳುತ್ತಾರೆ. ನಾಲ್ಕು-ನಾಲ್ಕು ಮಾಡಿ, ಇಬ್ಬರು ಒಂದೇ ಕ್ಷಣಕ್ಕೆ ಒತ್ತಬೇಕು. ಅಷ್ಟಾದರೂ ಒಂದೇ ಅಂಕಣ ಸಿಗುವಂತೆ ಮಾಡಲು ಇನ್ನೊಂದು ಕೈಚಳಕವಿದೆ. ಅದನ್ನು ಬರೆದರೆ ಮುಂದಿನ ಋತುವಿನಲ್ಲಿ ನಮಗೇ ಸಿಗದು, ಆದ್ದರಿಂದ ಬರೆಯುವುದಿಲ್ಲ.

ಚೀಟಿಯನ್ನು ಉಳಿಸಿದ್ದು ಒಂದು ನಿಯಮ. ಹೆಸರು ಕೊಟ್ಟವನು ಬರದಿದ್ದರೆ ಅವನ ಹಣ ಚೀಟಿಗೇ ಸೇರುತ್ತದೆ, ವಾಪಸಿಲ್ಲ. ಹಿಂದೆ 'ಬಂದೇ ಬರುತ್ತೇನೆ' ಎಂದವರಲ್ಲಿ ಅರ್ಧ ಜನ ಹೊರಡುವ ದಿನ ಫೋನ್ ಎತ್ತುತ್ತಿರಲಿಲ್ಲ. ನಿಯಮ ಬಂದ ಮೇಲೆ ಜ್ವರವಿದ್ದವನೂ ಮಾತ್ರೆ ನುಂಗಿ ರೈಲು ಹತ್ತಿದ. ಪಂದ್ಯದ ದಿನಾಂಕ ಬದಲಾದರೆ ಮಾತ್ರ ನಷ್ಟ ಎಲ್ಲರದು. ಎರಡು ದಿನ ಮೊದಲೇ ರದ್ದು ಮಾಡಿದರೆ ಸ್ಲೀಪರ್‌ನಲ್ಲಿ ಆ ಋತುವಿನಲ್ಲಿ ತಲೆಗೆ 120 ರೂಪಾಯಿ ಹೋಗುತ್ತಿತ್ತು. ಎಂಟು ತಲೆಗೆ ಎಷ್ಟೆಂದು ನೀವೇ ಗುಣಿಸಿ, ನನಗೆ ಹೊಟ್ಟೆ ಉರಿಯುತ್ತದೆ. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 120 ದಿನದಿಂದ 60ಕ್ಕೆ ಇಳಿದಾಗ ಹಲವರು ಗೊಣಗಿದರು. ನಮಗೆ ಅನುಕೂಲವೇ ಆಯಿತು. ಲೀಗ್ ವೇಳಾಪಟ್ಟಿ ಹೇಗೂ ಕಂತಿನಲ್ಲಿ ಬರುತ್ತದೆ. ನಾಲ್ಕು ತಿಂಗಳು ಮೊದಲೇ ಸೀಟು ಹಿಡಿಯುತ್ತಿದ್ದ ಪ್ರವಾಸಿಗರ ಜೊತೆ ಈಗ ಸಮನಾಗಿ ಓಡಬಹುದು.

ಹಣಕ್ಕಿಂತ ಕಷ್ಟದ್ದು ರಜೆ. ನಮ್ಮಲ್ಲಿ ಮೂರು ಪಾಳಿ. ದೀಪಾವಳಿಯ ರಾತ್ರಿಪಾಳಿ, ವರಮಹಾಲಕ್ಷ್ಮಿ ಹಬ್ಬದ ದಿನದ ಪಾಳಿ, ಜೊತೆಯವರ ನಾದಿನಿ ಮದುವೆ, ಊರ ಜಾತ್ರೆ, ಎಲ್ಲಕ್ಕೂ 'ನೀನು ಹೋಗಪ್ಪಾ, ನಾನು ನಿಲ್ಲುತ್ತೇನೆ' ಎಂದೆ. ಜುಲೈನಿಂದಲೇ ಶುರು ಮಾಡಿದ್ದೆ. ಪ್ರತಿ ಪಾಳಿಯನ್ನೂ ಟೂಲ್ ಡಬ್ಬಿಯ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಬರೆದಿಟ್ಟೆ. ಅಕ್ಟೋಬರ್ ಹೊತ್ತಿಗೆ ಏಳು ಗೀಟು ಬಂದವು. ಪಂದ್ಯ ಬಂದಾಗ ಒಂದೊಂದನ್ನೇ ಒರೆಸುವುದು. ಮೇಲ್ವಿಚಾರಕರನ್ನು ಕೇಳುವ ಪ್ರಮೇಯವೇ ಇಲ್ಲ, ಯಂತ್ರದ ಮುಂದೆ ಒಬ್ಬನಿದ್ದರೆ ಅವರಿಗೆ ಸಾಕು.

ಇನ್ನು ದಾರಿ. ಸೂತ್ರ ಒಂದೇ: ಹೋಗುವಾಗ ರಾತ್ರಿ ರೈಲು, ಬರುವಾಗ ರಾತ್ರಿ ಏನು ಸಿಗುತ್ತದೋ ಅದು, ಲಾಡ್ಜ್ ಇಲ್ಲ.

ಚೆನ್ನೈ ಮಕ್ಕಳಾಟ. ಜವಾಹರಲಾಲ್ ನೆಹರೂ ಕ್ರೀಡಾಂಗಣದಿಂದ ಸೆಂಟ್ರಲ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಏಳೂವರೆಯ ಪಂದ್ಯ ಮುಗಿಸಿ, ದಾರಿಯಲ್ಲಿ ಇಡ್ಲಿ ತಿಂದು, ಹತ್ತೂಐವತ್ತರ ಬೆಂಗಳೂರು ಮೇಲ್ ಹತ್ತಿದರೆ ಬೆಳಗಿನ ಜಾವಕ್ಕೆ ಊರು. ಎಲ್ಲ ಸೇರಿ ಸಾವಿರದ ಆಸುಪಾಸು.

ಹೈದರಾಬಾದ್‌ನಲ್ಲಿ ಆ ಋತುವಿನಲ್ಲಿ ರೈಲು ಮರೆತುಬಿಟ್ಟೆವು. ಪಂದ್ಯ ಮುಗಿಸಿ ಹೋದರೆ ಕಾಚಿಗುಡದಿಂದ ನಮ್ಮ ಕಡೆಯ ರೈಲು ಸಿಗುವುದು ಕಷ್ಟವಿತ್ತು. ಮಿಯಾಪುರ ಕಡೆಯಿಂದ ಹೊರಟು ಗಚ್ಚಿಬೌಲಿ ಹಾದು ಬರುವ ರಾತ್ರಿ ಬಸ್ಸಿಗೆ ಕ್ರೀಡಾಂಗಣವಿರುವ ಗಚ್ಚಿಬೌಲಿಯಲ್ಲೇ ಹತ್ತುವಂತೆ ಟಿಕೆಟ್ ಮಾಡಿಸಿದ್ದೆವು.

ಕೊಚ್ಚಿಯ ಕಥೆ ಬೇರೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಮ್ಮ ಸುನಿಲ್ ಛೇತ್ರಿಯವರು ಎದುರಾಳಿ ಸಜ್ಜಾಗುವ ಮೊದಲೇ ಹೊಡೆದ ಆ ಫ್ರೀಕಿಕ್ ಗೋಲಾಗಿ, ಕೊಚ್ಚಿಯ ತಂಡ ಕೇರಳ ಬ್ಲಾಸ್ಟರ್ಸ್ ಸಿಟ್ಟಿನಿಂದ ಮೈದಾನ ಬಿಟ್ಟು ನಡೆದ ಮೇಲೆ ಕಲೂರಿನ ಕ್ರೀಡಾಂಗಣಕ್ಕೆ ನೀಲಿ ತೊಟ್ಟು ಹೋಗುವುದೆಂದರೆ ಬೀಗರ ಮನೆಗೆ ಜಗಳವಾದ ವಾರವೇ ಊಟಕ್ಕೆ ಹೋದಂತೆ. ಜೆರ್ಸಿಯ ಮೇಲೊಂದು ಅಂಗಿ ಇರಲಿ, ಒಳಗೆ ಹೋದ ಮೇಲೆ ಬಿಚ್ಚಿ. 2024ರ ಅಕ್ಟೋಬರ್ 25 ಶುಕ್ರವಾರ. ಹಿಂದಿನ ರಾತ್ರಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿದೆವು. ಸಾಮಾನು ಕ್ಲೋಕ್‌ರೂಮಿಗೆ ಹಾಕೋಣವೆಂದರೆ ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲವೆಂದರು. ಎಂಟು ಚೀಲಕ್ಕೆ ನಮ್ಮಲ್ಲಿದ್ದದ್ದು ಎರಡು ಬೀಗ. ನಿಲ್ದಾಣದ ಅಂಗಡಿಯಲ್ಲಿ ಒಂದೊಂದಕ್ಕೆ ಎಪ್ಪತ್ತೋ ಎಂಬತ್ತೋ ಕೊಟ್ಟು ಆರು ಕೊಂಡೆವು. ಮನೆಯಿಂದ ಬೀಗ ಒಯ್ಯಿರಿ, ಪವರ್ ಬ್ಯಾಂಕನ್ನು ಆ ಚೀಲದಲ್ಲೇ ಬಿಡಿ. ಕ್ರೀಡಾಂಗಣದ ಗೇಟಿನಲ್ಲಿ ನಾನು ಈವರೆಗೆ ಮೂರು ಕಳೆದುಕೊಂಡಿದ್ದೇನೆ. ಮಧ್ಯಾಹ್ನ ಫೋರ್ಟ್ ಕೊಚ್ಚಿಗೆ ಸರ್ಕಾರಿ ದೋಣಿಯಲ್ಲಿ ಹೋಗಿಬಂದೆವು. ಬಿಸಿಲಿಗೆ ಅದಕ್ಕಿಂತ ಅಗ್ಗದ ನೆರಳಿಲ್ಲ.

ಪಂದ್ಯ 3–1. ನಮ್ಮ ಪರ. ನಮ್ಮ ಎಡ್ಗರ್ ಮೆಂಡೆಜ್ ಕೊನೆಯ ಗೋಲು ಹಾಕಿದಾಗ ಸುತ್ತಲಿನ ಬ್ಲಾಸ್ಟರ್ಸ್ ಅಭಿಮಾನಿಗಳ ಹಳದಿ ಸಮುದ್ರ ಎಷ್ಟು ಮೌನವಾಯಿತೆಂದರೆ ನಮ್ಮ ಎಂಟು ಜನರ ಗಂಟಲು ನಮಗೇ ದೊಡ್ಡದಾಗಿ ಕೇಳಿಸಿತು. ಗೆದ್ದ ಮೇಲೆ ಪೊಲೀಸರು ಹೊರಗೆ ಬಿಡುವುದು ತಡ. ಅದಕ್ಕೇ ಬಸ್ಸನ್ನು ಎರ್ನಾಕುಲಂನಲ್ಲಿ ಹತ್ತಬೇಡಿ. ಬೆಂಗಳೂರಿನ ಬಸ್ಸುಗಳು ಹೇಗೂ ಆಲುವಾ ದಾಟಿಯೇ ಬರಬೇಕು. ಕ್ರೀಡಾಂಗಣದ ಪಕ್ಕದಲ್ಲೇ ಮೆಟ್ರೊ ನಿಲ್ದಾಣವಿದೆ, ಅರ್ಧ ಗಂಟೆಯಲ್ಲಿ ಆಲುವಾ. ಹತ್ತುವ ಜಾಗವನ್ನು ಅಲ್ಲಿಗೆ ಹಾಕಿಸಿದರೆ ಮುಕ್ಕಾಲು ಗಂಟೆ ಉಳಿಯುತ್ತದೆ. ಇದನ್ನು ಮೊದಲ ಸಲ ಹೇಳಿದಾಗ ನಮ್ಮವರೇ ನಕ್ಕಿದ್ದರು. ಹಿಂದೊಮ್ಮೆ ನಗರದೊಳಗೇ ಹತ್ತಲು ಹೋದಾಗ ಒಂದು ಖಾಸಗಿ ಬಸ್ಸಿನವರು ಐದು ನಿಮಿಷ ಕಾಯದೆ ಹೊರಟುಹೋಗಿದ್ದರು. ತಲೆಗೆ ಸಾವಿರದ ಇನ್ನೂರು ನೀರುಪಾಲಾಗಿತ್ತು.

ನಡುವೆ ಬ್ಯಾನರ್‌ನ ಹುಚ್ಚೂ ಹತ್ತಿತು. ಕಾಡಾ ಬಟ್ಟೆ ಮೂವತ್ತು ಮೀಟರ್ ತಂದು, ಗೋಡೆಗೆ ಬಳಿಯುವ ಡಿಸ್ಟೆಂಪರ್‌ನಲ್ಲಿ ಬರೆದೆವು. ಮಹಡಿಯ ಮೇಲೆ ಒಣಗಿದಾಗ ಸೊಗಸಾಗಿತ್ತು. ಮಡಿಸಿ ರೈಲಿನಲ್ಲಿ ತಲೆದಿಂಬು ಮಾಡಿಕೊಂಡು, ಬಿಚ್ಚಿ ನೋಡಿದರೆ ಅಕ್ಷರಗಳು ಹಪ್ಪಳದಂತೆ ಉದುರಿದವು. ಒಬ್ಬನ ಕೂದಲೆಲ್ಲ ನೀಲಿ. ಎನಾಮೆಲ್ ಉದುರಲಿಲ್ಲ, ಆದರೆ ಬಟ್ಟೆ ತಗಡಾಯಿತು, ವಾಸನೆಗೆ ಟಿಟಿಇ ಎರಡು ಸಲ ಬಂದು ಮೂಸಿ ಹೋದರು. ಈಗ ಬಟ್ಟೆಗೆ ಹಾಕುವ ಬಣ್ಣವನ್ನು ಒಂದು ಅಡುಗೆಮನೆಯ ಸಾಮಾನು ಬೆರೆಸಿ ಗಟ್ಟಿ ಮಾಡುತ್ತೇವೆ. ಯಾವುದೆಂದು ಕೇಳಬೇಡಿ. ಡ್ರಮ್ ಒಳಗೆ ಒಯ್ಯುವುದು ಹೇಗೆಂದೂ ಕೇಳಬೇಡಿ.

ಗೋವಾಕ್ಕೆ ಒಂದೇ ಋತುವಿನಲ್ಲಿ ಎರಡು ಸಲ ಹೋದೆ. ಲೀಗ್ ಪಂದ್ಯದಲ್ಲಿ 3–0 ಸೋತು, ಬುತ್ತಿಯ ಚಪಾತಿಯನ್ನು ಹಾಗೆಯೇ ವಾಪಸ್ ತಂದೆವು. 2025ರ ಏಪ್ರಿಲ್ 6ರ ಸೆಮಿಫೈನಲ್‌ಗೆ ಹೊರಟಾಗ, ಎರಡು ಪಂದ್ಯಗಳ ಆ ಸೆಮಿಫೈನಲ್‌ನ ಮೊದಲ ಪಂದ್ಯ ಗೆದ್ದು ನಾವು 2–0 ಮುಂದಿದ್ದೆವು. ಸೋತರೂ ಒಂದು ಗೋಲಿನಿಂದ ಸೋತರೆ ಸಾಕು ಎಂಬ ಧೈರ್ಯದಲ್ಲಿ ನಾನು ಮಡಗಾಂವ್‌ನಲ್ಲಿ ಹನ್ನೊಂದೂವರೆ ಆಸುಪಾಸಿಗೆ ಸಿಗುವ ಯಶವಂತಪುರದ ರೈಲಿಗೆ ಟಿಕೆಟ್ ಮಾಡಿದೆ. ತಪ್ಪು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಲೀಗ್ ಫೈನಲ್‌ಗೆ ಹೋದಾಗಲೂ ಇದೇ ತಪ್ಪು ಮಾಡಿದ್ದೆ. ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದರು, ಕಪ್ ಬಂತು, ಬಸ್ ಹೋಯಿತು. ಆ ರಾತ್ರಿ ಅಂಧೇರಿ ನಿಲ್ದಾಣದ ಮೆಟ್ಟಿಲ ಮೇಲೆ ಕುಳಿತು, ನಾಕೌಟ್ ಪಂದ್ಯಕ್ಕೆ ಹೋದರೆ ಮರುಬೆಳಗಿನ ಟಿಕೆಟ್ಟನ್ನೇ ಮಾಡಿಸಬೇಕೆಂದು ಪ್ರತಿಜ್ಞೆ ಮಾಡಿದ್ದೆ.

ಫತೋರ್ಡಾದಲ್ಲಿ 88ನೇ ನಿಮಿಷಕ್ಕೆ ಗೋವಾದ ಸಾಡಿಕು ಅವರ ತಂಡದ ಎರಡನೇ ಗೋಲು ಹೊಡೆದು, ಎರಡೂ ಪಂದ್ಯ ಸೇರಿ ಲೆಕ್ಕ ಸಮವಾಯಿತು. ಪಕ್ಕದವನು ತಲೆಯ ಮೇಲೆ ಕೈ ಹೊತ್ತ. ನಾನು ಲೆಕ್ಕ ಹಾಕುತ್ತಿದ್ದೆ: ಹೆಚ್ಚುವರಿ ಅರ್ಧ ಗಂಟೆ, ಪೆನಾಲ್ಟಿ, ಪೊಲೀಸರು ಹಿಡಿದಿಡುವ ಅರ್ಧ ಗಂಟೆ, ನಿಲ್ದಾಣಕ್ಕೆ ಮೂರೋ ನಾಲ್ಕೋ ಕಿಲೋಮೀಟರ್, ಎಂಟು ಜನ, ಒಂದು ಡ್ರಮ್. 92ನೇ ನಿಮಿಷದಲ್ಲಿ ಛೇತ್ರಿಯವರು ತಲೆ ಕೊಟ್ಟರು. ಚೆಂಡು ಬಲೆಗೆ ಹೋದದ್ದನ್ನು ನಾನು ನೋಡಲಿಲ್ಲ, ಕೈಗಡಿಯಾರ ನೋಡುತ್ತಿದ್ದೆ. ಯಾರದೋ ಮೊಣಕೈ ಮೂಗಿಗೆ ಬಡಿದಾಗಲೇ ಗೋಲೆಂದು ಗೊತ್ತಾದದ್ದು. ರಕ್ತ ಒರೆಸಿಕೊಂಡೇ ರೈಲು ಹತ್ತಿದೆ. ಮರುದಿನ ಮಧ್ಯಾಹ್ನದ ಪಾಳಿಗೆ ತಲುಪಲಾಗಲಿಲ್ಲ. ಸಂಬಳ ಕಡಿತವಾದ ಒಂದು ದಿನ ಅದೇ.

ಆರೇ ದಿನಕ್ಕೆ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಫೈನಲ್. ಚೀಟಿಯಲ್ಲಿ ಉಳಿದದ್ದು ಆರು ಸಾವಿರ ಚಿಲ್ಲರೆ. ಎಂಟು ಹೆಸರು ಬರೆದು ಹೆಲ್ಮೆಟ್ಟಿನಲ್ಲಿ ಹಾಕಿ ಎರಡನ್ನು ಎತ್ತಿದೆವು. ಕಡಿಮೆ ಬಿದ್ದದ್ದನ್ನು ಅವರೇ ಹಾಕಿಕೊಂಡರು. ನನ್ನ ಹೆಸರು ಬರಲಿಲ್ಲ. ಬಂದಿದ್ದರೂ ಕಷ್ಟವಿತ್ತು. ಡಬ್ಬಿಯ ಮುಚ್ಚಳದಲ್ಲಿ ಗೀಟೆಲ್ಲ ಖಾಲಿಯಾಗಿ, ನಾನೇ ಒಬ್ಬರಿಗೆ ಎರಡು ಪಾಳಿ ಸಾಲ ಉಳಿಸಿಕೊಂಡಿದ್ದೆ. ಏಪ್ರಿಲ್ 12, ಶನಿವಾರ, ಆ ಸಾಲ ತೀರಿಸಲು ಯಂತ್ರದ ಮುಂದೆ ನಿಂತಿದ್ದೆ. ಬುಶ್ ಎಂದರೆ ಕೊಳವೆಯಾಕಾರದ ಬಿಡಿಭಾಗ, ಒಂದು ತಯಾರಾಗಲು ಏಳು ನಿಮಿಷ. ಒಂದನ್ನು ತೆಗೆದು ಇನ್ನೊಂದನ್ನು ಯಂತ್ರದ ಹಿಡಿಗೆ (ಚಕ್) ಕಚ್ಚಿಸುವ ನಡುವೆ ಫೋನ್ ನೋಡುವುದು. ವಿರಾಮದ ನಂತರ ನೋಡಿದಾಗ ನಾವು 1–0 ಮುಂದಿದ್ದೆವು. ನಾಲ್ಕು ಬುಶ್ ಆಗುವಷ್ಟರಲ್ಲಿ 1–1. ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಗಾನ್ 2–1 ಮಾಡಿದ್ದನ್ನು ನೋಡಿದ ಮೇಲೆ ತೆಗೆದ ಬುಶ್ಶಿನ ಅಳತೆ ತಪ್ಪಿತ್ತು. ಅದನ್ನು ಸ್ಕ್ರ್ಯಾಪ್ ಡಬ್ಬಿಗೆ ಹಾಕಿ, ಮುಚ್ಚಳದಲ್ಲಿ ಸಾಲದ ಒಂದು ಗೀಟು ಒರೆಸಿದೆ.