ಧೂಪದಾಳದಿಂದ ಗೊಡಚಿನಮಲ್ಕಿಗೆ: ಹಕ್ಕಿ ನೋಡಲು ಒಂದು ಇಡೀ ದಿನ

ಬೆಳಗಾವಿಯಿಂದ ಮೀರಜ್ ಕಡೆಗೆ ಹೋಗುವ ರೈಲಿನಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಘಟಪ್ರಭಾ ನಿಲ್ದಾಣ ಸಿಗುತ್ತದೆ. ಅದರ ಸಮೀಪದಲ್ಲಿಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀರಾವರಿಗೆಂದು ಕಟ್ಟಿದ ಧೂಪದಾಳದ ಒಡ್ಡು ಇದೆ. ಆ ಒಡ್ಡಿನ ಹಿಂದೆ ಹರಡಿ ನಿಂತ ನೀರು ಮತ್ತು ಅದರ ಆಸುಪಾಸಿನ ನೆಲವನ್ನು ಒಳಗೊಂಡ ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಘೋಷಣೆಯಾಯಿತು. ಅದರ ವಿಸ್ತೀರ್ಣ 29.78 ಚದರ ಕಿಲೋಮೀಟರ್. ಗೋಕಾಕ ಜಲಪಾತಕ್ಕೆಂದು ಬರುವ ಅನೇಕರು ಈ ನೀರಿನ ಪಕ್ಕದಲ್ಲೇ ಹಾದುಹೋದರೂ ವಾಹನ ನಿಲ್ಲಿಸುವುದಿಲ್ಲ.

ಇಲ್ಲಿ ವಿವರಿಸುತ್ತಿರುವ ದಿನ ಬೆಳಗ್ಗೆ ಧೂಪದಾಳದ ನೀರಿನ ಬಳಿ ಆರಂಭವಾಗಿ, ಸಂಜೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಕಣಿವೆಯ ಕಾಡಿನಲ್ಲಿ ಮುಗಿಯುತ್ತದೆ. ಎರಡೂ ಗೋಕಾಕದ ಸುತ್ತಲೇ ಇರುವುದರಿಂದ ಒಂದೇ ದಿನದಲ್ಲಿ ಹೊಂದಿಸಬಹುದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದುದು. ನೀರಿನ ಹಕ್ಕಿಗಳನ್ನು ನೋಡುವ ಕ್ರಮವೇ ಬೇರೆ, ಕಾಡಿನ ಹಕ್ಕಿಗಳನ್ನು ಹುಡುಕುವ ಕ್ರಮವೇ ಬೇರೆ. ಹೊಸಬರು ಒಂದು ಕಡೆಯ ಕ್ರಮವನ್ನು ಇನ್ನೊಂದು ಕಡೆ ಬಳಸಿ, ಏನೂ ಕಾಣಲಿಲ್ಲವೆಂದು ಬೇಸರದಿಂದ ಹಿಂದಿರುಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಎರಡನ್ನೂ ಒಂದೇ ದಿನ ಮಾಡಿದರೆ ಈ ವ್ಯತ್ಯಾಸ ತಾನಾಗಿ ಮನದಟ್ಟಾಗುತ್ತದೆ.

ಯಾವಾಗ, ಏನನ್ನು ಹೊತ್ತು

ವಲಸೆ ಹಕ್ಕಿಗಳು ನವೆಂಬರಿನಿಂದ ಮಾರ್ಚ್‌ವರೆಗೆ ಇರುತ್ತವೆ. ನನ್ನ ಆಯ್ಕೆ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗಿನ ದಿನಗಳು, ಏಕೆಂದರೆ ಆಗ ಬಂದವು ನೆಲೆಯೂರಿರುತ್ತವೆ, ಮರಳುವವು ಇನ್ನೂ ಹೊರಟಿರುವುದಿಲ್ಲ, ಬಯಲಿನಲ್ಲಿ ಹಿಂಗಾರಿನ ಬೆಳೆಯೂ ಇರುತ್ತದೆ. ಜನವರಿಯಲ್ಲಿ ಈ ಭಾಗದಲ್ಲಿ ಸೂರ್ಯ ಮೂಡುವುದು 7 ಗಂಟೆಯ ಆಸುಪಾಸಿನಲ್ಲಿ. ಆರೂವರೆಗೆ ನೀರಿನ ಬಳಿ ಇರುವಂತೆ ಹೊರಡಬೇಕು. ಪಕ್ಷಿಧಾಮದ ಒಳಗೆ ಹೋಗಲು ಅನುಮತಿಯ ವಿಚಾರವನ್ನು ಅರಣ್ಯ ಇಲಾಖೆಯವರಲ್ಲಿ ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಟ್ಟೆ ಮಾಸಲು ಬಣ್ಣದ್ದಿರಲಿ. ನೀರು, ಟೋಪಿ, ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ, ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್ ಇಷ್ಟು ಸಾಕು. ಕ್ಯಾಮೆರಾ ಇದ್ದವರು ಮೊದಲ ಸಲ ಅದನ್ನು ಮನೆಯಲ್ಲೇ ಬಿಟ್ಟುಬಂದರೆ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅನುಭವ.

ದುರ್ಬೀನಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅದರ ಮೇಲೆ 8×42 ಎಂದು ಬರೆದಿದ್ದರೆ ಹಕ್ಕಿ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದೂ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್ ಎಂದೂ ಅರ್ಥ. ಹೊಸಬರಿಗೆ ಇದೇ ಸರಿಯಾದ ಅಳತೆ. ಹೆಚ್ಚು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಕೈಯ ನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ, ನೋಟದ ಅಗಲವೂ ಕಿರಿದಾಗುತ್ತದೆ. ಹೊರಡುವ ಮುನ್ನ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಮೊದಲು ಎರಡು ಕೊಳವೆಗಳನ್ನು ಮಡಿಚಿ ಬಿಡಿಸಿ, ಎರಡು ವೃತ್ತಗಳು ಒಂದಾಗುವಂತೆ ಮಾಡಿ. ಬಲಭಾಗದ ಮುಂದಿನ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಫಲಕದ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಗಾಲಿಯನ್ನು ತಿರುಗಿಸಿ. ಬಳಿಕ ಎಡಭಾಗವನ್ನು ಮುಚ್ಚಿ, ನಡುವಿನ ಗಾಲಿಯನ್ನು ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟಗೊಳಿಸಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ಮಡಚಿಕೊಳ್ಳಬೇಕು. ಒಮ್ಮೆ ಹೀಗೆ ಮಾಡಿದರೆ ದಿನವಿಡೀ ನಡುವಿನ ಗಾಲಿಯೊಂದರಿಂದಲೇ ಕೆಲಸ ನಡೆಯುತ್ತದೆ. ಹಕ್ಕಿ ಕಂಡಾಗ ತಲೆ ತಗ್ಗಿಸಿ ದುರ್ಬೀನನ್ನು ಹುಡುಕಬಾರದು. ನೋಟವನ್ನು ಹಕ್ಕಿಯ ಮೇಲೆಯೇ ನೆಟ್ಟು, ದುರ್ಬೀನನ್ನು ಕಣ್ಣಿನ ಮುಂದಕ್ಕೆ ತರಬೇಕು.

ನೀರಿನ ಬಳಿ: ಕುಳಿತು ನೋಡುವುದು

ಇಲ್ಲಿ ಘಟಪ್ರಭೆ ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ, ಹಿನ್ನೀರು ಒಡ್ಡಿನ ಪಡುವಣಕ್ಕಿದೆ. ಆದ್ದರಿಂದ ಬೆಳಗ್ಗೆ ಒಡ್ಡಿನ ಕಡೆಯಿಂದ ನೀರನ್ನು ನೋಡಿದರೆ ಸೂರ್ಯ ಬೆನ್ನಿಗಿರುತ್ತಾನೆ, ಬೆಳಕು ಹಕ್ಕಿಗಳ ಮೇಲೆ ಬೀಳುತ್ತದೆ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪು ನೆರಳುಗಳಾಗಿ, ನೀರುಕಾಗೆ ಯಾವುದು ಬಾತು ಯಾವುದು ಎಂಬುದೇ ತಿಳಿಯದೆ ಹೋಗುತ್ತದೆ.

ದಂಡೆಯ ಅಂಚಿಗೆ ನೇರವಾಗಿ ನಡೆದು ಹೋಗಬೇಡಿ. ನನ್ನ ಮೊದಲ ವರ್ಷಗಳಲ್ಲಿ ಕೆರೆಯೊಂದರ ಬಳಿ ಆತುರಪಟ್ಟು ಹಾಗೆ ನಡೆದಾಗ, ರಾತ್ರಿ ಹೊಲಗಳಲ್ಲಿ ಮೇದು ವಿಶ್ರಾಂತಿಗೆಂದು ನೀರಿಗಿಳಿದಿದ್ದ ಪಟ್ಟೆತಲೆ ಹೆಬ್ಬಾತುಗಳ ಇಡೀ ಹಿಂಡು ಎದ್ದುಹೋಯಿತು. ಆ ದಿನ ಅವು ಮರಳಲಿಲ್ಲ. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳ ವಿಶ್ರಾಂತಿಯನ್ನು ಕೆಡಿಸಿದೆನೆಂಬ ನೋವು ನನ್ನಲ್ಲಿ ಈಗಲೂ ಉಳಿದಿದೆ. ದೂರದಲ್ಲೇ ಜಾಲಿಯ ಪೊದೆಯನ್ನೋ ಬಂಡೆಯನ್ನೋ ಮರೆಮಾಡಿಕೊಂಡು ಕುಳಿತುಬಿಡಿ, ಮೊದಲ ಕಾಲು ಗಂಟೆ ಏಳಬೇಡಿ. ಹಕ್ಕಿಗಳು ನಿಮ್ಮನ್ನು ಗಮನಿಸುವುದನ್ನು ಬಿಟ್ಟು ತಮ್ಮ ಮೇವಿಗೆ ಮರಳಲು ಅಷ್ಟು ಸಮಯವಂತೂ ಬೇಕು.

ನಂತರ ಕಣ್ಣನ್ನು ಪಟ್ಟಿ ಪಟ್ಟಿಯಾಗಿ ಓಡಿಸಿ: ಮೊದಲು ಹತ್ತಿರದ ಕೆಸರು, ಆಮೇಲೆ ಆಳವಿಲ್ಲದ ನೀರು, ಕೊನೆಗೆ ನಡುನೀರು. ಕೆಸರಿನ ಮೇಲೆ ಬಾಲ ಕುಣಿಸುತ್ತ ಕುಂಡೆಕುಸ್ಕ, ಗದ್ದೆಗೊರವ, ಕೂಗಿ ಎಲ್ಲರನ್ನೂ ಎಚ್ಚರಿಸುವ ಟಿಟ್ಟಿಭ ಇರುತ್ತವೆ. ಕೆಂಪು ಕಡ್ಡಿಗಳಂತಹ ಕಾಲಿನ ಮೆಟ್ಟುಗಾಲು ಹಕ್ಕಿ ಇನ್ನಷ್ಟು ಒಳಗೆ ನಿಲ್ಲುತ್ತದೆ. ಅದರಾಚೆ ಬೂದು ಬಕ, ಬಣ್ಣದ ಕೊಕ್ಕರೆ, ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುವ ಚಮಚದ ಕೊಕ್ಕರೆ. ಕಾಲಿನ ಉದ್ದವೇ ಹಕ್ಕಿ ನಿಲ್ಲುವ ಜಾಗವನ್ನು ನಿರ್ಧರಿಸುವುದರಿಂದ, ಎಲ್ಲಿ ನಿಂತಿದೆ ಎಂಬುದನ್ನು ಗಮನಿಸಿದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ.

ಬಣ್ಣವನ್ನು ಕೊನೆಗೆ ನೋಡಿ, ಕೊಕ್ಕನ್ನು ಮೊದಲು ನೋಡಿ. ಬಾಯಿಕಳಕದ ಮುಚ್ಚಿದ ಕೊಕ್ಕಿನ ನಡುವೆಯೂ ಸಂದು ಕಾಣುತ್ತದೆ, ಬಸವನಹುಳುಗಳನ್ನು ಹಿಡಿಯಲು ಅದಕ್ಕೆ ಆ ಕೊಕ್ಕೇ ಸಾಧನ. ಕಪ್ಪಗೆ ತೇಲುತ್ತಿರುವ ಹಕ್ಕಿಯ ಕೊಕ್ಕೂ ಹಣೆಯೂ ಬೆಳ್ಳಗಿದ್ದರೆ ಅದು ಬಾತಲ್ಲ, ನಾಮದ ಕೋಳಿ. ನೀರುಕಾಗೆ ಮತ್ತು ಹಾವಕ್ಕಿ ಎರಡೂ ರೆಕ್ಕೆ ಹರಡಿಕೊಂಡು ಬಿಸಿಲು ಕಾಯಿಸುತ್ತವೆ, ಏಕೆಂದರೆ ಮುಳುಗಿ ಮೀನು ಹಿಡಿಯುವ ಈ ಹಕ್ಕಿಗಳ ಗರಿ ನೀರನ್ನು ಹೀರಿಕೊಳ್ಳುತ್ತದೆ. ಆದರೆ ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದೆ, ಹಾವಕ್ಕಿಯದು ಭರ್ಚಿಯಂತೆ ನೇರ. ಈಜುವಾಗ ಹಾವಕ್ಕಿಯ ಮೈ ನೀರಿನೊಳಗಿದ್ದು, ಕತ್ತು ಮಾತ್ರ ಹಾವಿನಂತೆ ಮೇಲೆದ್ದಿರುತ್ತದೆ. ಪಟ್ಟೆತಲೆ ಹೆಬ್ಬಾತಿನ ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟಿಗಳಿದ್ದು, ಬೇರೆ ಯಾವುದರ ಜೊತೆಗೂ ಗೊಂದಲವಾಗುವುದಿಲ್ಲ. ಈ ಪಕ್ಷಿಧಾಮ ಬಹುಕಾಲದಿಂದ ಹೆಸರಾಗಿರುವುದು ಚಳಿಗಾಲದ ಅತಿಥಿಗಳಾದ ಡೆಮೊಸಿಲ್ ಕ್ರೇನ್ ಮತ್ತು ಯುರೋಪಿನ ಬಿಳಿ ಕೊಕ್ಕರೆಗಳಿಗೆ. ಕ್ರೇನ್‌ಗಳು ಬೆಳಗ್ಗೆ ಹೊಲಗಳಲ್ಲಿ ಕಾಳು ಮೇದು ಆಮೇಲೆ ನೀರಿನ ದಡಕ್ಕೆ ಬರುವುದರಿಂದ, ಬಿಸಿಲೇರಿತೆಂದು ಬೇಗ ಎದ್ದು ಹೋಗುವವರಿಗೆ ಅವು ತಪ್ಪಿಹೋಗುತ್ತವೆ.

ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಮನಸ್ಸಿನಲ್ಲಿ ಅಳತೆ ಮಾಡಿಕೊಂಡು, ಅಂತಹ ತುಂಡುಗಳು ಹಿಂಡಿನಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕಿ. ಎರಡು ಸಲ ಮಾಡಿ ಸರಾಸರಿ ಬರೆದುಕೊಳ್ಳಿ. "ತುಂಬ ಇದ್ದವು" ಎಂದು ಬರೆದ ಟಿಪ್ಪಣಿ ಮುಂದಿನ ವರ್ಷ ನಿಮಗೇ ಉಪಯೋಗಕ್ಕೆ ಬರುವುದಿಲ್ಲ; "ನಾಮದ ಕೋಳಿ, ಸುಮಾರು 140" ಎಂಬುದು ಬರುತ್ತದೆ.

ಎಷ್ಟೇ ಆಸೆಯಾದರೂ ನೀರಿಗಿಳಿಯಬಾರದು. ಹಿನ್ನೀರಿನ ರಾಡಿ ಕಾಲನ್ನು ಹಿಡಿದುಕೊಳ್ಳುತ್ತದೆ, ಮೇಲಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ.

ನಡುಹಗಲು

ಹತ್ತೂವರೆಯ ನಂತರ ನೀರಿನ ಮೇಲೆ ಬಿಸಿಲ ಝಳ ಎದ್ದು ದೂರದ್ದು ನಡುಗಿ ಕಾಣತೊಡಗುತ್ತದೆ. ಅಲ್ಲಿಂದ ಏಳಿ. ಗೋಕಾಕ ಜಲಪಾತದ ಬಳಿ ಬುತ್ತಿ ಬಿಚ್ಚಬಹುದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ, ಚಳಿಗಾಲದಲ್ಲಿ ನೀರು ಕಡಿಮೆಯಾಗಿ ಬಂಡೆಯ ಗೋಡೆ ತೆರೆದಿರುತ್ತದೆ. ಬಿಸಿಗಾಳಿಯನ್ನೇರಿ ಸುತ್ತುವ ಹದ್ದು-ಗಿಡುಗಗಳನ್ನು ನೋಡಲು ಇದೇ ಹೊತ್ತು. ರೆಕ್ಕೆಯ ತುದಿ ಬೆರಳಿನಂತೆ ಬಿಡಿಯಾಗಿದೆಯೇ, ಬಾಲ ಕವಲೊಡೆದಿದೆಯೇ ಎಂಬ ಎರಡನ್ನು ಗಮನಿಸಿದರೆ ಸಾಕು. ಕವಲುಬಾಲ ಕರಿಹದ್ದಿನದು, ದುಂಡು ಬಾಲ ಗರುಡನದು. ಗೋಕಾಕದ ಕರದಂಟನ್ನು ಚೀಲಕ್ಕೆ ಹಾಕಿಕೊಂಡು ಮೂರು ಗಂಟೆಯವರೆಗೆ ನೆರಳಿನಲ್ಲಿ ವಿಶ್ರಮಿಸಿ.

ಕಾಡಿನಲ್ಲಿ: ಕೇಳಿ ನೋಡುವುದು

ಗೊಡಚಿನಮಲ್ಕಿಯ ಕಣಿವೆಗೆ ಇಳಿಯುತ್ತಿದ್ದಂತೆ ಬೆಳಗಿನ ಅಭ್ಯಾಸವನ್ನು ಬದಿಗಿಡಬೇಕು. ಎಲೆಗಳ ನಡುವೆ ದುರ್ಬೀನಿನಿಂದ ಹುಡುಕುವುದು ವ್ಯರ್ಥ. ಇಲ್ಲಿ ಮೊದಲು ಕಿವಿ, ಆಮೇಲೆ ಬರಿಗಣ್ಣು, ಕೊನೆಗೆ ದುರ್ಬೀನು. ಹತ್ತು ಹೆಜ್ಜೆ ನಡೆಯಿರಿ, ಎರಡು ನಿಮಿಷ ನಿಲ್ಲಿ. ಮತ್ತೆ ಹತ್ತು ಹೆಜ್ಜೆ. ಒಂದು ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಸಾಗಿದರೂ ಹೆಚ್ಚೇ.

ಕೆಲವು ಸ್ವರಗಳನ್ನು ಮನೆಯ ಹಿತ್ತಲಿನಲ್ಲೇ ಕಲಿತಿದ್ದರೆ ಒಳ್ಳೆಯದು. ತಾಮ್ರದ ಪಾತ್ರೆಗೆ ಒಂದೇ ಸಮನೆ ಬಡಿದಂತೆ ಟುಕ್ ಟುಕ್ ಎನ್ನುವುದು ಚಿಟ್ಟುಕುಟ್ರ. ಮೈಗಿಂತ ಹಲವು ಪಟ್ಟು ದೊಡ್ಡ ದನಿಯಲ್ಲಿ ಟುವ್ವಿ ಟುವ್ವಿ ಎನ್ನುವುದು ಎಲೆ ಹೊಲಿದು ಗೂಡು ಕಟ್ಟುವ ಟುವ್ವಿಹಕ್ಕಿ. ಪೊದೆಯ ಬುಡದಲ್ಲಿ ಏಳೆಂಟು ಹಕ್ಕಿಗಳು ಒಟ್ಟಿಗೆ ಕಲಪಿಲ ಎಂದು ತರಗೆಲೆ ಕೆದಕುತ್ತಿದ್ದರೆ ಹರಟೆಮಲ್ಲಗಳು. ಕೊಳಲಿನಂತಹ ಒಂದು ಮಾತು ಮೇಲಿನ ಕೊಂಬೆಯಿಂದ ಬಂದರೆ ಹೊನ್ನಕ್ಕಿಗಾಗಿ ಹಳದಿಯನ್ನು ಹುಡುಕಿ. ಕಾಜಾಣದ ಕೂಗನ್ನು ಮಾತ್ರ ಪೂರ್ತಿ ನಂಬಬೇಡಿ, ಅದು ಬೇರೆ ಹಕ್ಕಿಗಳ ದನಿಯನ್ನೂ ಅನುಕರಿಸುತ್ತದೆ.

ಅರ್ಧ ಗಂಟೆ ಏನೂ ಇಲ್ಲದೆ, ಇದ್ದಕ್ಕಿದ್ದಂತೆ ಸುತ್ತಲೂ ಹಕ್ಕಿಗಳು ತುಂಬಿಕೊಳ್ಳುವುದುಂಟು. ಕಾಜಾಣ, ಮರಕುಟಿಕ, ನೊಣಹಿಡುಕ, ಮಟಪಕ್ಷಿ ಮುಂತಾದ ಹಲವು ಜಾತಿಗಳು ಕೂಡಿ ಬೇಟೆಗೆ ಹೊರಟ ಹಿಂಡು ಅದು. ಒಂದರ ಓಡಾಟದಿಂದ ಎದ್ದ ಹುಳು ಇನ್ನೊಂದಕ್ಕೆ ಆಹಾರವಾಗುತ್ತದೆ, ಗಿಡುಗದ ಮೇಲೆ ಹೆಚ್ಚು ಕಣ್ಣುಗಳ ಕಾವಲೂ ಇರುತ್ತದೆ. ಆಗ ನಿಂತಲ್ಲೇ ನಿಲ್ಲಿ. ಒಂದು ಹಕ್ಕಿಯನ್ನು ಆರಿಸಿಕೊಂಡು ಅದನ್ನು ಪೂರ್ತಿ ನೋಡಿ, ನಂತರ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ನೋಡಹೊರಟರೆ ಯಾವುದೂ ದಕ್ಕುವುದಿಲ್ಲ.

ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಹೊರಗೆ ಕರೆಯುವ ಚಾಳಿಯನ್ನು ದಯವಿಟ್ಟು ಕಲಿಯಬೇಡಿ. ತನ್ನ ಗಡಿಯೊಳಗೆ ಮತ್ತೊಂದು ಗಂಡು ನುಗ್ಗಿದೆಯೆಂದು ಭ್ರಮಿಸಿ ಹಕ್ಕಿ ಮೇವನ್ನೂ ಗೂಡನ್ನೂ ಬಿಟ್ಟು ಕಾದಾಟಕ್ಕೆ ಬರುತ್ತದೆ. ಒಂದು ಗುಂಪು ಒಂದೇ ಮಡಿವಾಳ ಹಕ್ಕಿಯನ್ನು ಫೋಟೊಕ್ಕಾಗಿ ಅರ್ಧ ಗಂಟೆ ಹೀಗೆ ಸತಾಯಿಸಿದ್ದನ್ನು ನೋಡಿ, ನಾನು ಅಲ್ಲಿ ನಿಲ್ಲಲಾರದೆ ಬಂದಿದ್ದೇನೆ. ಕೇಳಿದ ಕೂಗನ್ನು ಗುರುತಿಸಲು ಮರ್ಲಿನ್ ಆ್ಯಪ್ ಬಳಸುವುದರಿಂದ ಹಕ್ಕಿಗೆ ತೊಂದರೆಯಿಲ್ಲ; ಆದರೆ ಅದು ಹೇಳಿದ ಹೆಸರನ್ನು ಕಣ್ಣಿನಿಂದ ಕಂಡ ಮೇಲಷ್ಟೇ ಬರೆದುಕೊಳ್ಳಿ.

ಬಾಗಲಕೋಟೆ, ವಿಜಯಪುರದ ಓದುಗರು ಇದೇ ಕ್ರಮವನ್ನು ಆಲಮಟ್ಟಿಯ ಹಿನ್ನೀರಿನಲ್ಲಿ ಅನುಸರಿಸಬಹುದು. ಅಲ್ಲಿ ಕಾಲ ಸ್ವಲ್ಪ ಬೇರೆ: ಬೇಸಿಗೆಯಲ್ಲಿ ನೀರು ಇಳಿದು ಕೆಸರು ತೆರೆದುಕೊಂಡಾಗ ರಾಜಹಂಸಗಳು ಬಂದು, ತಲೆಯನ್ನು ತಲೆಕೆಳಗಾಗಿಸಿ ನೀರು ಸೋಸಿ ಮೇಯುವುದನ್ನು ನೋಡಬಹುದು. ವಿಜಯಪುರದವರಿಗೆ ವಾರದ ಅಭ್ಯಾಸಕ್ಕೆ ಭೂತನಾಳ ಕೆರೆ ಹತ್ತಿರದಲ್ಲೇ ಇದೆ.

ಜನವರಿಯಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಅದಕ್ಕೆ ಮೊದಲೇ ಕಣಿವೆಯಿಂದ ಮೇಲಕ್ಕೆ ಬಂದಿರಬೇಕು. ಹಿಂದಿರುಗುವ ದಾರಿಯಲ್ಲಿ ಬೆಳ್ಳಕ್ಕಿಗಳ ಸಾಲುಗಳು ರಾತ್ರಿ ತಂಗುವ ಮರಗಳತ್ತ ಹೋಗುತ್ತಿದ್ದರೆ ಅವು ಸಾಗುವ ದಿಕ್ಕನ್ನೂ ಬರೆದಿಟ್ಟುಕೊಳ್ಳಿ. ಅದೇ ರಾತ್ರಿ, ನೆನಪು ಹಸಿಯಾಗಿರುವಾಗ, ದಿನಾಂಕ, ವೇಳೆ, ಜಾಗ, ನೀರಿನ ಮಟ್ಟ, ಜಾತಿ ಮತ್ತು ಎಣಿಕೆಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿ. ಗುರುತು ಸಿಗದ ಹಕ್ಕಿಯ ಮುಂದೆ ಊಹೆಯ ಹೆಸರನ್ನು ಬರೆಯದೆ, ಕೊಕ್ಕು, ಕಾಲು, ನಿಂತ ಜಾಗವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದು ಜಾಗ ಖಾಲಿ ಬಿಡಿ. ಮುಂದಿನ ಜನವರಿಯಲ್ಲಿ ಅದೇ ವಾರ, ಅದೇ ಜಾಲಿಯ ಪೊದೆಯ ಹಿಂದೆ ಕುಳಿತಾಗ ಆ ಪುಟವನ್ನು ತೆರೆಯಬೇಕಾಗುತ್ತದೆ.