ಉರಿ ತಾಳುವ ಪಾತ್ರೆಗಳು: ನನ್ನ ಅಡುಗೆಮನೆಯ ಲೆಕ್ಕ

ಪಾತ್ರೆ ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?" ಅಲ್ಲಿ ಸಿಗುವ ಉತ್ತರವೂ ಒಂದೇ. "ಲೈಫ್‌ಟೈಮ್ ಅಮ್ಮಾ, ಯೋಚನೆನೇ ಬೇಡ." ಯಾರ ಲೈಫ್‌ಟೈಮ್ ಅಂತ ಮಾತ್ರ ಹೇಳುವುದಿಲ್ಲ.

ನಾನು ಮನೆಯಲ್ಲೇ ದೋಸೆ, ಪಲ್ಯ, ಸಾರು, ಹುಳಿ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಬೆಳಗ್ಗೆ ಹೊತ್ತಿಸಿದ ಒಲೆ ಮಧ್ಯಾಹ್ನದ ಹೊತ್ತಿಗೆ ಆರುತ್ತದೆ. ಹಾಗಾಗಿ ಮಾಮೂಲಿ ಮನೆಯಲ್ಲಿ ಹತ್ತು ವರ್ಷ ಬರುವ ಪಾತ್ರೆಯ ಬಣ್ಣ ನಮ್ಮಲ್ಲಿ ಬೇಗ ಬಯಲಾಗುತ್ತದೆ. ಇಷ್ಟು ದುಡಿಸಿದ ಮೇಲೆ ನನಗೆ ಗಟ್ಟಿಯಾದ ಒಂದು ವಿಷಯ ಇದೆ. ಅಡುಗೆಯ ಶಾಖಕ್ಕೆ ಯಾವ ಲೋಹದ ಪಾತ್ರೆಯೂ ಹಾಳಾಗುವುದಿಲ್ಲ. ಖಾಲಿ ಪಾತ್ರೆ ಉರಿಯ ಮೇಲೆ ಕೂತರೆ ಹಾಳಾಗುತ್ತದೆ. ಕಾದ ಪಾತ್ರೆಗೆ ಒಮ್ಮೆಲೇ ತಣ್ಣೀರು ಬಿದ್ದರೆ ಹಾಳಾಗುತ್ತದೆ.

ಇದಕ್ಕೆ ಕಾರಣ ಸರಳ. ಒಳಗೆ ನೀರು ಇರುವವರೆಗೆ ತಳದ ಬಿಸಿ 100 ಡಿಗ್ರಿಯ ಆಸುಪಾಸಲ್ಲೇ ಇರುತ್ತದೆ. ಬೆಂಗಳೂರಿನ ಎತ್ತರದಲ್ಲಂತೂ ನೀರು 97 ಡಿಗ್ರಿಗೇ ಕುದಿಯುತ್ತದೆ. ಗ್ಯಾಸಿನ ಉರಿ ಸಾವಿರ ಡಿಗ್ರಿಗೂ ಮೇಲೆ. ನೀರು ಆರಿಹೋಯಿತೋ, ಅಷ್ಟೂ ಬಿಸಿಯನ್ನು ಲೋಹವೇ ನುಂಗಬೇಕು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ತೆಳ್ಳನೆಯ ಹಾಲಿನ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ತಳ ಕರಗಿ ಬರ್ನರಿಗೆ ಅಂಟುವುದು ಅದಕ್ಕೇ.

ಕಾವಲಿಯಿಂದ ಶುರು ಮಾಡುತ್ತೇನೆ, ನನ್ನ ಹೊಟ್ಟೆಪಾಡು ಅದರ ಮೇಲೇ ಇದೆ. ನನ್ನದು ಬೀಡು ಕಬ್ಬಿಣದ ಕಾವಲಿ. ಬೀಡು ಕರಗಲು 1150 ಡಿಗ್ರಿಯಾದರೂ ಬೇಕು. ಮನೆಯ ಒಲೆಗೆ ಅದು ಹೆದರುವುದಿಲ್ಲ. ಹೆದರುವುದು ಗಟ್ಟಿ ನೆಲಕ್ಕೆ ಮತ್ತು ತಣ್ಣೀರಿಗೆ. ಅದರಲ್ಲಿ ಇಂಗಾಲ ಜಾಸ್ತಿ, ಶೇಕಡಾ 2ಕ್ಕಿಂತ ಹೆಚ್ಚು. ಅದರಿಂದಲೇ ಎರಕ ಹೊಯ್ಯಲು ಸುಲಭ, ಅದರಿಂದಲೇ ಪೆಡಸು. ತಗಡಿನ ಕಬ್ಬಿಣದ ಕಾವಲಿ ಬಿದ್ದರೆ ನೆಗ್ಗುತ್ತದೆ, ಹೆಚ್ಚು ಕಾದರೆ ಸೊಟ್ಟಗಾಗುತ್ತದೆ. ಬೀಡು ಸೊಟ್ಟಗಾಗುವುದಿಲ್ಲ, ನೇರವಾಗಿ ಸೀಳುತ್ತದೆ.

ಹೊಸ ಕಾವಲಿಯನ್ನು ಪಳಗಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವುದು ಹೀಗೆ. ಮೊದಲು ಸೋಪು ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತೇನೆ. ತೊಳೆದ ನೀರಲ್ಲಿ ಕಪ್ಪು ಮಣ್ಣು ಬರುವುದು ನಿಲ್ಲಬೇಕು. ಆಮೇಲೆ ಅಕ್ಕಿ ತೊಳೆದ ನೀರಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆದು, ಕೂಡಲೇ ಸಣ್ಣ ಉರಿಯಲ್ಲಿ ಒಣಗಿಸುತ್ತೇನೆ. ಬಟ್ಟೆಯಲ್ಲಿ ಒರೆಸಿ ಬಿಟ್ಟರೆ ಸಾಲದು, ಅರ್ಧ ಗಂಟೆಯಲ್ಲಿ ತುಕ್ಕು ಹಿಡಿಯುತ್ತದೆ. ಇನ್ನೂ ಬೆಚ್ಚಗಿರುವಾಗ ಎಣ್ಣೆ ಹಚ್ಚಿ, ಬೇರೆ ಒಣ ಬಟ್ಟೆಯಲ್ಲಿ ಅಷ್ಟೂ ಒರೆಸಿ ತೆಗೆಯುತ್ತೇನೆ. ಎಣ್ಣೆ ಹಚ್ಚೇ ಇಲ್ಲವೇನೋ ಅನ್ನಿಸಬೇಕು, ಅಷ್ಟು ತೆಳ್ಳಗೆ. ಈಗ ಕಿಟಕಿ ತೆಗೆದಿಟ್ಟು ಉರಿ ಏರಿಸುತ್ತೇನೆ. ಹೊಗೆ ಏಳುತ್ತದೆ. ಹೊಗೆ ತಾನಾಗಿ ನಿಲ್ಲುವವರೆಗೆ ಬಿಟ್ಟು, ಒಲೆ ಆರಿಸಿ, ಕಾವಲಿ ತಾನೇ ತಣ್ಣಗಾಗಲು ಬಿಡುತ್ತೇನೆ. ಇದನ್ನೇ ಮತ್ತೆ ಮತ್ತೆ ಮಾಡಬೇಕು. ಬೂದು ಬಣ್ಣ ಮೊದಲು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕೈಯಾಡಿಸಿದರೆ ಜಿಡ್ಡು ಹತ್ತಬಾರದು. ಅಂಟಂಟಾಗಿದ್ದರೆ ಎಣ್ಣೆ ದಪ್ಪ ಆಯಿತು ಅಂತ ಅರ್ಥ.

ಇಲ್ಲಿ ನಡೆಯುವುದು ಸುಮ್ನೆ ಎಣ್ಣೆ ಕುಡಿಸುವ ಕೆಲಸ ಅಲ್ಲ. ಬಿಸಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಹಾಗೆ ಹೆಣೆದುಕೊಳ್ಳಲು ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಚೆನ್ನಾಗಿ ಒಗ್ಗುತ್ತವೆ. ಕೊಬ್ಬರಿ ಎಣ್ಣೆ ಒಗ್ಗುವುದಿಲ್ಲ, ಅದರಲ್ಲಿರುವ ಕೊಬ್ಬಿನ ಜಾತಿಯೇ ಬೇರೆ. ಕರಾವಳಿಯವರಿಗೆ ಇದು ಬೇಸರದ ಸುದ್ದಿ, ಗೊತ್ತು. ಪಳಗಿಸಿದ ಮೇಲೆ ನೀರ್‌ದೋಸೆಗೆ ಧಾರಾಳವಾಗಿ ಬಳಸಿ, ಅಡ್ಡಿಯಿಲ್ಲ. ಹುಣಸೆಹಣ್ಣಿನ ಅಡುಗೆ ಮಾತ್ರ ಕಬ್ಬಿಣದಲ್ಲಿ ಬೇಡ. ಹುಳಿ ಆ ಪೊರೆಯನ್ನು ತಿಂದುಹಾಕುತ್ತದೆ.

ನನ್ನ ಬಳಿ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದೆ. ಜ್ವರ ನೋಡುವುದಲ್ಲ, ವರ್ಕ್‌ಶಾಪಿನವರು ಬಳಸುವುದು. ಕಪ್ಪು ಕಾವಲಿಗೆ ಅದು ಸರಿಯಾಗಿ ಹೇಳುತ್ತದೆ. ಹಿಟ್ಟು ಹೊಯ್ಯುವಾಗ 180ರಿಂದ 200 ಡಿಗ್ರಿ ಇದ್ದರೆ ನನ್ನ ದೋಸೆ ಚೆನ್ನಾಗಿ ಏಳುತ್ತದೆ. ಹೊಳೆಯುವ ಸ್ಟೀಲಿಗೆ ಹಿಡಿದರೆ ಮಾತ್ರ ಅದು ಪಕ್ಕಾ ಸುಳ್ಳು ಹೇಳುತ್ತದೆ. ಹೊಳಪಿನ ಲೋಹ ಬಿಸಿಯನ್ನು ಹೊರಗೆ ಸೂಸುವುದು ಕಡಿಮೆ. ಹಾಗಾಗಿ ಕೈ ಸುಡುವಷ್ಟು ಬಿಸಿ ಇದ್ದರೂ ಉಗುರುಬೆಚ್ಚಗಿದೆ ಅಂತ ತೋರಿಸುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ನೀರ ಹನಿ ಸಾಕು. ಹನಿ ಬಿದ್ದಲ್ಲೇ ಹರಡಿ ನಿಧಾನ ಆರಿದರೆ ಇನ್ನೂ ಕಾಯಬೇಕು. ಚುರ್ ಎಂದು ಕ್ಷಣದಲ್ಲಿ ಮಾಯವಾದರೆ ಹದ. ಗುಂಡಗೆ ಉರುಳಾಡುತ್ತಾ ಓಡಾಡಿದರೆ ಕಾವು ಜಾಸ್ತಿಯಾಗಿದೆ. ಆಗ ಹನಿಯ ಕೆಳಗೆ ಹಬೆಯ ತೆಳು ಪದರ ನಿಂತು ಅದನ್ನು ಎತ್ತಿ ಹಿಡಿದಿರುತ್ತದೆ. ಇಂಥ ಕಾವಲಿಗೆ ಹಿಟ್ಟು ಹೊಯ್ದರೆ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಹೋಟೆಲಿನವರು ಪೊರಕೆಯಲ್ಲಿ ನೀರು ಚಿಮುಕಿಸುವುದು ಇದಕ್ಕೇ. ಹಾಗಾದರೆ ತಣ್ಣೀರಿಗೆ ಕಾವಲಿ ಸೀಳುವುದಿಲ್ಲವಾ ಅಂತ ಕೇಳಬಹುದು. ಚಿಮುಕಿಸಿದ ನೀರು ಮೇಲ್ಮೈಯ ಬಿಸಿಯನ್ನಷ್ಟೇ ಇಳಿಸುತ್ತದೆ. ಕಾದ ಕಾವಲಿಯನ್ನು ನಲ್ಲಿ ಕೆಳಗೆ ಹಿಡಿದರೆ ಒಂದು ಬದಿ ಕುಗ್ಗುತ್ತದೆ, ಇನ್ನೊಂದು ಬದಿ ಹಿಗ್ಗಿಯೇ ಇರುತ್ತದೆ. ಬಿರುಕು ಬಿಡುವುದು ಆಗ.

ಇನ್ನೊಂದು ಮಾತು. ಕಬ್ಬಿಣದಲ್ಲಿ ಬಿಸಿ ಬೇಗ ಹರಡುವುದಿಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಮೂರು ನಾಲ್ಕು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಸಣ್ಣ ಬರ್ನರಿನ ಮೇಲೆ ಅಗಲ ಕಾವಲಿ ಇಟ್ಟು ದೊಡ್ಡ ಉರಿ ಕೊಟ್ಟರೆ ನಡುವೆ ಸೀದು, ಅಂಚಲ್ಲಿ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸುಮ್ಮನೆ ಬಿಡಿ. ಚಟ್ನಿ ರುಬ್ಬಿಕೊಳ್ಳಿ.

ಹುಳಿಗೆ ನಮ್ಮಲ್ಲಿ ಕಲಾಯಿ ಹಾಕಿದ ಹಿತ್ತಾಳೆ ತಪ್ಪಲೆ. ಅಜ್ಜಿಯ ಕಾಲದ್ದು, ಇನ್ನೂ ಗಟ್ಟಿಮುಟ್ಟಾಗಿದೆ. ಹಿತ್ತಾಳೆ ಕರಗಲು ಸುಮಾರು 900 ಡಿಗ್ರಿ ಬೇಕು. ಕಲಾಯಿಯ ತವರಕ್ಕೆ ಬರೀ 232 ಡಿಗ್ರಿ ಸಾಕು. ಹಿತ್ತಾಳೆ ಪಾತ್ರೆಯ ಗುಟ್ಟೆಲ್ಲ ಈ 232ರಲ್ಲಿದೆ. ಹುಳಿ ಕುದಿಯುವುದು 100ರಲ್ಲಿ, ಹಾಗಾಗಿ ಕಲಾಯಿಗೆ ಏನೂ ಆಗುವುದಿಲ್ಲ. ಅದೇ ತಪ್ಪಲೆಗೆ ಎಣ್ಣೆ ಹಾಕಿ ಸಾಸಿವೆ ಸಿಡಿಸಲು ಹೊರಟರೆ ಕಾದ ಎಣ್ಣೆ 200 ದಾಟುತ್ತದೆ, ತಳದ ಲೋಹ ಅದಕ್ಕೂ ಬಿಸಿ. ತವರ ಬೆವರಿದ ಹಾಗೆ ಮಣಿ ಮಣಿಯಾಗಿ ಸರಿಯುತ್ತದೆ. ಒಗ್ಗರಣೆಗೆ ಬೇರೆ ಕಬ್ಬಿಣದ ಸೌಟು ಇಟ್ಟುಕೊಳ್ಳುವ ಪದ್ಧತಿ ಸುಮ್ನೆ ಬಂದದ್ದಲ್ಲ. ರವೆ ಹುರಿಯಲು, ಹುಳಿಪುಡಿಗೆ ಬೇಳೆ ಹುರಿಯಲು ಕಲಾಯಿ ಪಾತ್ರೆ ಮುಟ್ಟುವುದೇ ಇಲ್ಲ. ಒಳಗೆ ಆಡಿಸಲು ಮರದ ಸಟ್ಟುಗ.

ಕಲಾಯಿಯವರು ಬಂದರೆ ನಾನು ಪಕ್ಕದಲ್ಲೇ ಕೂರುತ್ತೇನೆ. ಇದ್ದಿಲಿನ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಾರೆ. ಬಿಳಿ ಹೊಗೆ ಭುಸ್ಸೆಂದು ಏಳುತ್ತದೆ, ಲೋಹದ ಮೇಲಿನ ಕಿಲುಬು ಬಿಡುತ್ತದೆ. ತವರದ ಕಡ್ಡಿಯನ್ನು ಒಳಗೆ ಮುಟ್ಟಿಸಿದರೆ ಸಾಕು, ನೀರಾಗುತ್ತದೆ. ಅದನ್ನು ಹತ್ತಿಯ ಉಂಡೆಯಲ್ಲಿ ಸರಸರ ಬಳಿಯುತ್ತಾರೆ. ಹಳದಿ ಹಿತ್ತಾಳೆ ಬಳಿದ ಕಡೆಯಲ್ಲೆಲ್ಲ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ನೀರಲ್ಲಿ ಅದ್ದುತ್ತಾರೆ. ಹಿತ್ತಾಳೆ ಬಾಗುವ ಲೋಹ, ಬೀಡಿನ ಹಾಗೆ ಸೀಳುವುದಿಲ್ಲ. ಅದಕ್ಕೇ ಈ ಸ್ನಾನ ತಡೆಯುತ್ತದೆ.

ತವರ ನಾನೇ ತಂದಿಟ್ಟಿರುತ್ತೇನೆ. ಬೆಸುಗೆಗೆ ಬಳಸುವ ಕಡ್ಡಿಯಲ್ಲಿ ಸೀಸ ಬೆರೆತಿರಬಹುದು. ಆ ಬೆರಕೆ 183 ಡಿಗ್ರಿಯಿಂದಲೇ ಕರಗತೊಡಗುತ್ತದೆ, ಕೆಲಸ ಸಲೀಸು, ಆದರೆ ಸೀಸ ಹೊಟ್ಟೆಗೆ ವಿಷ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಚರಚರ ಸದ್ದು ಕೇಳಿಸುತ್ತದೆ. ಇದೊಂದೇ ಪರೀಕ್ಷೆ ನಂಬಿ ಕೂರಬೇಡಿ, ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ. ತಳದಲ್ಲಿ ಹಳದಿ ಚುಕ್ಕೆ ಇಣುಕಿದರೆ ಹುಣಸೆಹುಳಿ ಹಾಕುವುದನ್ನು ಅವತ್ತೇ ನಿಲ್ಲಿಸುತ್ತೇನೆ. ಬರೀ ಹಿತ್ತಾಳೆಗೆ ಹುಳಿ ತಾಗಿದರೆ ತಾಮ್ರ ಸಾರಿಗೆ ಇಳಿಯುತ್ತದೆ.

ಸ್ಟೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಇದೆ. ಡಬ್ಬಿಯ ಮೇಲೆ 18/8 ಅಂತ ಇದ್ದರೆ ಶೇಕಡಾ 18 ಕ್ರೋಮಿಯಂ, 8 ನಿಕಲ್. ತುಕ್ಕಿಗೆ ಜಗ್ಗದು, ಆದರೆ ಬಿಸಿ ಸಾಗಿಸುವುದರಲ್ಲಿ ಬಲು ಸೋಮಾರಿ, ಬೀಡಿಗಿಂತಲೂ ಕಡೆ. ಪಾಯಸ ಉರಿಯ ಗೆರೆಗೆ ಸರಿಯಾಗಿ ಉಂಗುರದ ಆಕಾರದಲ್ಲಿ ತಳ ಹಿಡಿಯುವುದು ಅದಕ್ಕೇ. ತಳಕ್ಕೆ ಅಲ್ಯೂಮಿನಿಯಂ ಬಿಲ್ಲೆ ಅಂಟಿಸುವುದೂ ಅದಕ್ಕೇ. ಆದರೆ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ. ಖಾಲಿ ಕಾಯಿಸಿ ಸಿಂಕಿಗೆ ಹಾಕುತ್ತಾ ಹೋದರೆ ಬಿಲ್ಲೆ ಅಂಚಿನಿಂದ ಬಾಯಿ ಬಿಡುತ್ತದೆ. ಇಡೀ ಪಾತ್ರೆಗೆ ಮೂರು ಪದರ ಇರುವುದನ್ನು ಕೊಂಡರೆ ದುಡ್ಡು ಜಾಸ್ತಿ, ತಲೆನೋವು ಕಡಿಮೆ. ಕಾಮನಬಿಲ್ಲಿನ ಬಣ್ಣ ಬಂದರೆ ಗಾಬರಿ ಬೇಡ, ನಿಂಬೆಹೋಳಿಗೆ ಹೋಗುತ್ತದೆ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಕರಗದೆ ತಳದಲ್ಲಿ ಕೂತರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅದು ಹೋಗುವುದಿಲ್ಲ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ.

ನಾನ್‌ಸ್ಟಿಕ್ ನನ್ನ ಕೆಲಸಕ್ಕೆ ಆಗಿಬರುವುದಿಲ್ಲ. ಆ ಲೇಪನಕ್ಕೆ 260 ಡಿಗ್ರಿಯೇ ಗಡಿ. ಖಾಲಿ ತವಾ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತದೆ. ವಿಪರೀತ ಕಾದಾಗ ಬರುವ ಹೊಗೆಗೆ ಪಂಜರದ ಗಿಳಿಗಳು ಸಾಯುತ್ತವೆ. ಸಣ್ಣ ಉರಿಯಲ್ಲಿ ಒಂದು ಆಮ್ಲೆಟ್ಟು ಮಾಡುವವರಿಗೆ ತೊಂದರೆಯಿಲ್ಲ.

ಕುಕ್ಕರಿನ ಒಳಗೆ ಬಿಸಿ 120 ಡಿಗ್ರಿಯ ಹತ್ತಿರ. ಲೋಹಕ್ಕೆ ಅದೇನೂ ದೊಡ್ಡದಲ್ಲ, ದಣಿಯುವುದು ರಬ್ಬರು. ಗ್ಯಾಸ್ಕೆಟ್ ಮಡಚಿದಾಗ ಸಣ್ಣ ಬಿರುಕು ಕಂಡರೆ ಬದಲಾಯಿಸುತ್ತೇನೆ. ಮುಚ್ಚಳದ ಸೇಫ್ಟಿ ವಾಲ್ವಿನೊಳಗೆ ಬೇಗ ಕರಗುವ ಲೋಹದ ಸಣ್ಣ ತುಣುಕು ಇರುತ್ತದೆ. ನೀರು ಆರಿ ಕುಕ್ಕರ್ ಒಣಗಿ ಕಾದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಅದು ಹೋದಾಗ ಸಿಕ್ಕಿದ ಬೋಲ್ಟು ತುರುಕಿ ಕೆಲಸ ನಡೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಕಂಪನಿಯ ವಾಲ್ವನ್ನೇ ಹಾಕಿ.

ಬಳಪದ ಕಲ್ಲಿನ ಪಾತ್ರೆ ಈಚೆಗೆ ಮತ್ತೆ ಬಂದಿದೆ. ಬೇಲೂರು ಹಳೇಬೀಡಿನ ಶಿಲ್ಪಗಳದ್ದೂ ಇದೇ ಜಾತಿಯ ಮೆದು ಕಲ್ಲು. ಕಾಯಲು ತುಂಬಾ ಹೊತ್ತು ಬೇಕು, ಆರಲು ಅದಕ್ಕಿಂತ ಹೊತ್ತು. ಒಲೆ ಆರಿಸಿದ ಮೇಲೂ ಹುಳಿ ಕೊತಕೊತ ಅನ್ನುತ್ತಲೇ ಇರುತ್ತದೆ. ಹಾಗಾಗಿ ಒಂದೈದು ನಿಮಿಷ ಮೊದಲೇ ಆರಿಸುತ್ತೇನೆ. ಹುಣಸೆಹಣ್ಣಿಗೆ ಈ ಕಲ್ಲು ಜಗ್ಗುವುದಿಲ್ಲ. ಹೊಸದಕ್ಕೆ ಎಣ್ಣೆ ಅರಿಶಿನ ಹಚ್ಚಿ ಬಿಸಿಲಿಗಿಟ್ಟು, ಆಮೇಲೆ ಕೆಲವು ದಿನ ಬಿಸಿ ಗಂಜಿ ತುಂಬಿಸಿ ಇಡಬೇಕು. ಒಲೆಗೆ ಏರಿಸುವಾಗ ಒಳಗೆ ನೀರು ಇರಲೇಬೇಕು, ಉರಿ ಸಣ್ಣದಿರಬೇಕು. ಫ್ರಿಜ್ಜಿನಿಂದ ತೆಗೆದು ನೇರ ಒಲೆಗೆ ಇಟ್ಟರೆ ಟಕ್ ಅಂತ ಎರಡಾಗುತ್ತದೆ.

ಈಗ ಸುಮಾರು ಮನೆಗಳಲ್ಲಿ ಇಂಡಕ್ಷನ್ ಒಲೆ ಬಂದಿದೆಯಲ್ವಾ? ಅಲ್ಲಿ ಹಿತ್ತಾಳೆ, ಕಲ್ಲು, ಬರೀ ಅಲ್ಯೂಮಿನಿಯಂ ಯಾವುದೂ ನಡೆಯುವುದಿಲ್ಲ. ಕೊಳ್ಳಲು ಹೋಗುವಾಗ ಫ್ರಿಜ್ಜಿನ ಮ್ಯಾಗ್ನೆಟ್ ಒಂದನ್ನು ಪರ್ಸಿಗೆ ಹಾಕಿಕೊಳ್ಳಿ, ತಳಕ್ಕೆ ಗಟ್ಟಿಯಾಗಿ ಹಿಡಿದರೆ ಆಯಿತು. ಬೀಡು ಕಾವಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಇಂಡಕ್ಷನ್ ಕಾಯಿಸುವುದು ತನ್ನ ಸುರುಳಿಯ ಅಗಲವನ್ನಷ್ಟೇ. ಶುರುವಿನಲ್ಲೇ 2000 ವಾಟ್ ಒತ್ತಿದರೆ ನಡುಭಾಗ ಹಿಗ್ಗಿ, ತಣ್ಣಗಿರುವ ಅಂಚು ಅದನ್ನು ಬಿಗಿಹಿಡಿದು, ಕಾವಲಿ ಸೀಳಬಹುದು. ನಾನು 400 ವಾಟಿನಿಂದ ಶುರು ಮಾಡಿ, ಅಂಚಿಗೆ ಬಿದ್ದ ನೀರ ಹನಿಯೂ ಚುರ್ ಅಂದ ಮೇಲೆ ಏರಿಸುತ್ತೇನೆ.