ಕಠಿಣ ಎಣ್ಣೆಯ ಲೇನಿನಲ್ಲಿ ಲೀಗ್ ಆಡುವವರಿಗೆ

ಹತ್ತು ಪಿನ್ನುಗಳ ಬೌಲಿಂಗ್ ಆಟದಲ್ಲಿ, ಈ ಸಲದ ಲೀಗ್ ಸ್ಪೋರ್ಟ್ ಪ್ಯಾಟರ್ನ್ (ಚೆಂಡು ಉರುಳುವ ಲೇನಿಗೆ ಎಣ್ಣೆ ಹಚ್ಚುವ ಒಂದು ಕಠಿಣ ವಿನ್ಯಾಸ) ಮೇಲೆ ನಡೆಯುತ್ತದೆ ಎಂದು ತಿಳಿದ ಕೂಡಲೇ ಹಲವರು ಹೊಸ ಚೆಂಡು ಕೊಳ್ಳಲು ಹೊರಡುತ್ತಾರೆ. ಅವರನ್ನು ತಡೆದು ನಾನು ಹೇಳುವುದು ಒಂದೇ ಮಾತು: ಇರುವ ಚೆಂಡಿನಲ್ಲೇ ಆಡಿ, ಸ್ಪೇರ್ ಎತ್ತುವುದನ್ನು, ಅಂದರೆ ಮೊದಲ ಎಸೆತದಲ್ಲಿ ಉಳಿದ ಪಿನ್ನುಗಳನ್ನು ಎರಡನೆಯದರಲ್ಲಿ ಬೀಳಿಸುವುದನ್ನು, ಕಲಿತು ಬನ್ನಿ.

ಯಾಕೆಂದರೆ ಲೆಕ್ಕ ಹೀಗಿದೆ. ಒಂದೂ ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್ ಬೀಳುವುದು) ಇಲ್ಲದೆ, ಆಟದ ಹತ್ತು ಫ್ರೇಮುಗಳಲ್ಲಿ (ಸರದಿಗಳಲ್ಲಿ) ಪ್ರತಿಯೊಂದರಲ್ಲೂ ಒಂಬತ್ತು ಪಿನ್ ಬೀಳಿಸಿ ಉಳಿದ ಒಂದನ್ನು ಎರಡನೇ ಚೆಂಡಿನಿಂದ ಎತ್ತಿದವರಿಗೆ, ಕೊನೆಯ ಹೆಚ್ಚುವರಿ ಎಸೆತದಲ್ಲೂ ಒಂಬತ್ತು ಬಿದ್ದರೆ, 190 ಅಂಕ, ಏಕೆಂದರೆ ಸ್ಪೇರಿಗೆ ಮುಂದಿನ ಎಸೆತದ ಪಿನ್ನುಗಳೂ ಸೇರುತ್ತವೆ. ಅದೇ ಒಂಟಿ ಪಿನ್ನನ್ನು ಹತ್ತು ಸಲವೂ ತಪ್ಪಿಸಿದವರಿಗೆ 90. ಪ್ರತಿ ಸ್ಪೇರ್ ತಪ್ಪಿದಾಗಲೂ ಹತ್ತು ಅಂಕ ಹೋಗುತ್ತದೆ. ಕಠಿಣ ಎಣ್ಣೆಯ ಮೇಲೆ ಸ್ಟ್ರೈಕುಗಳು ಎಲ್ಲರಿಗೂ ಕಡಿಮೆಯಾಗುತ್ತವೆ, ಎದುರಾಳಿಗೂ. ಹಾಗಾಗಿ ಪಂದ್ಯ ತೀರ್ಮಾನವಾಗುವುದು ಹೆಚ್ಚಾಗಿ ಇಲ್ಲಿಯೇ.

ಕಷ್ಟ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಲೇನಿನ ಅಗಲದಲ್ಲಿ 39 ಹಲಗೆಗಳಿರುತ್ತವೆ. ಸಾಮಾನ್ಯ ಲೀಗ್ ಎಣ್ಣೆಯಲ್ಲಿ ನಡುವೆ ದಪ್ಪ ಪದರ, ಅಂಚುಗಳಲ್ಲಿ ತೀರಾ ತೆಳು. ನಡುವಿನ ಎಣ್ಣೆ ಅಂಚಿನದಕ್ಕಿಂತ ಹತ್ತು ಪಟ್ಟು ಇರುವುದುಂಟು. ಬಲಗೈ ಆಟಗಾರನ ಚೆಂಡು ಸ್ವಲ್ಪ ಬಲಕ್ಕೆ ಜಾರಿದರೆ ಅಲ್ಲಿನ ಒಣ ಹಲಗೆ ಅದನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ. ಎಡಕ್ಕೆ ಹೋದರೆ ನಡುವಿನ ಎಣ್ಣೆ ಅದರ ತಿರುವನ್ನು ತಡೆಯುತ್ತದೆ. ಎರಡೂ ತಪ್ಪುಗಳು ಪಾಕೆಟ್ಟಿಗೇ (ಮುಂಪಿನ್ನಿಗೂ ಅದರ ಪಕ್ಕದ ಪಿನ್ನಿಗೂ ನಡುವಿನ ಗುರಿಗೆ) ಬಂದು ಸೇರುತ್ತವೆ. ಸ್ಪೋರ್ಟ್ ಪ್ಯಾಟರ್ನಿನಲ್ಲಿ ಈ ವ್ಯತ್ಯಾಸ ಮೂರು ಪಟ್ಟು ಅಥವಾ ಅದಕ್ಕಿಂತಲೂ ಕಡಿಮೆ. ಅಂಚಿನಲ್ಲೂ ಎಣ್ಣೆ ಇರುವುದರಿಂದ ಬಲಕ್ಕೆ ಹೋದ ಚೆಂಡು ಬಲಕ್ಕೇ ಉಳಿಯುತ್ತದೆ.

ಆಟಕ್ಕೆ ಮುಂಚೆ ಎಣ್ಣೆಯ ನಕ್ಷೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ನಾನು ಮೊದಲು ನೋಡುವುದು ಎಣ್ಣೆಯ ಉದ್ದವನ್ನು. ಅಡಿಗಳಲ್ಲಿರುವ ಆ ಉದ್ದದಿಂದ 31 ಕಳೆದರೆ, ಎಣ್ಣೆ ಮುಗಿಯುವ ಜಾಗದಲ್ಲಿ ಚೆಂಡು ಸುಮಾರು ಯಾವ ಹಲಗೆಯ ಮೇಲಿರಬೇಕು ಎಂಬುದು ಸಿಗುತ್ತದೆ. 40 ಅಡಿಯಾದರೆ 9ನೇ ಹಲಗೆ, 35 ಅಡಿಯಾದರೆ 4ನೆಯದು, 45 ಅಡಿಯಾದರೆ 14ನೆಯದು. ಬಲಗೈಯವರು ಬಲದಿಂದ ಎಣಿಸಬೇಕು, ಎಡಗೈಯವರು ಎಡದಿಂದ. ಇದು ಆರಂಭದ ಅಂದಾಜು ಮಾತ್ರ. ಉಳಿದದ್ದನ್ನು ಚೆಂಡೇ ತೋರಿಸುತ್ತದೆ. ಗಿಡ್ಡ ಎಣ್ಣೆಯ ಮೇಲೆ ಅಂಚಿನ ಹತ್ತಿರ ನೇರವಾಗಿ ಆಡುವುದು, ಉದ್ದ ಎಣ್ಣೆಯ ಮೇಲೆ ಒಳಗಿನಿಂದ ಆಡುವುದು ನನ್ನ ರೂಢಿ. ದೊಡ್ಡ ತಿರುವಿನ ಆಸೆಯನ್ನು ಆ ಸಂಜೆಯ ಮಟ್ಟಿಗಾದರೂ ಬಿಡಿ. ಪಿನ್ನುಗಳಿಗೆ ಬೇಕಾದದ್ದು ಪ್ರವೇಶದ ಕೋನ, ಅಂದರೆ ಚೆಂಡು ಪಿನ್ನುಗಳೊಳಗೆ ಹೊಗುವ ಓರೆ. ಸುಮಾರು ಆರು ಡಿಗ್ರಿ ಸಿಕ್ಕರೆ ಬಹಳ ಒಳ್ಳೆಯದು, ಕಠಿಣ ಲೇನಿನಲ್ಲಿ ಅದಕ್ಕಿಂತ ಕಡಿಮೆಗೂ ತೃಪ್ತರಾಗಬೇಕು.

ಅಭ್ಯಾಸಕ್ಕೆ ಸಿಗುವ ಕೆಲವೇ ನಿಮಿಷಗಳನ್ನು ಸ್ಟ್ರೈಕ್ ಬೆನ್ನಟ್ಟಿ ಕಳೆಯಬೇಡಿ. ಒಂದೇ ವೇಗದಲ್ಲಿ, ಒಂದೇ ಬಿಡುಗಡೆಯಲ್ಲಿ, ಒಂದು ಚೆಂಡನ್ನು ಗುರಿಯ ಮೇಲೆ, ಇನ್ನೊಂದನ್ನು ಎರಡು ಹಲಗೆ ಹೊರಗೆ, ಮತ್ತೊಂದನ್ನು ಎರಡು ಹಲಗೆ ಒಳಗೆ ಎಸೆಯಿರಿ. ಯಾವ ಕಡೆಗೆ ತಪ್ಪಿದರೆ ನಷ್ಟ ಕಡಿಮೆ ಎಂಬುದು ಗೊತ್ತಾಗುತ್ತದೆ. ಲೀಗಿನಲ್ಲಿ ಫ್ರೇಮಿಗೊಂದರಂತೆ ಎರಡು ಲೇನುಗಳ ನಡುವೆ ಬದಲಾಯಿಸುತ್ತಾ ಆಡುವುದರಿಂದ ಎರಡನ್ನೂ ಪರೀಕ್ಷಿಸಲೇಬೇಕು. ಪಕ್ಕಪಕ್ಕದ ಲೇನುಗಳು ಒಂದೇ ಎಣ್ಣೆ ಹಾಕಿದರೂ ಒಂದೇ ರೀತಿ ವರ್ತಿಸುವುದಿಲ್ಲ.

ಆಟ ಸಾಗಿದಂತೆ ಎಲ್ಲರ ಚೆಂಡುಗಳೂ ಒಂದೇ ದಾರಿಯ ಎಣ್ಣೆಯನ್ನು ಒರೆಸಿಕೊಂಡು ಹೋಗುತ್ತವೆ. ಚೆಂಡು ಬೇಗ ತಿರುಗಿ ಮುಂಪಿನ್ನಿನ ಎದೆಗೇ ಹೊಡೆಯತೊಡಗಿದರೆ ಬಲಗೈಯವರು ಎಡಕ್ಕೆ ಸರಿಯಬೇಕು: ಪಾದ ಎರಡು ಹಲಗೆ, ಗುರಿ ಒಂದು ಹಲಗೆ. ಸರಿಯುವುದನ್ನು ಮುಂದೂಡುವವರೇ ಹೆಚ್ಚು. ಒಳ್ಳೆಯ ಎಸೆತ ಎರಡು ಸಲ ಹೀಗೆ ಮುಂಪಿನ್ನಿನ ಎದೆಗೇ ಹೊಡೆದರೆ ನಾನು ಮೂರನೆಯದಕ್ಕೆ ಕಾಯುವುದಿಲ್ಲ. ಆದರೆ ಎಸೆತವೇ ಕೆಟ್ಟಿದ್ದರೆ ಜಾಗ ಬದಲಿಸಬಾರದು. ಈ ವಿವೇಚನೆಯೇ ಕಷ್ಟ, ಇದನ್ನು ತಂಡದವರ ಕಣ್ಣಿನಿಂದ ಪಡೆಯುವುದು ಸುಲಭ. ಪ್ರತಿ ಎಸೆತದ ನಂತರ ಎರಡು ಪದ ಹೇಳಿಕೊಳ್ಳುವ ತಂಡ ನನಗೆ ಬಹಳ ಇಷ್ಟ: ಎಲ್ಲಿ ಎಸೆದೆ, ಎಲ್ಲಿ ತಿರುಗಿತು.

ಹಿಂದಿನ ಸಾಲಿನ ಬಲ ಮೂಲೆಯಲ್ಲಿ ಉಳಿದ ಹತ್ತನೇ ಪಿನ್ ಕೂಡ ಸುದ್ದಿ ಕೊಡುತ್ತದೆ. ಅದರ ಮುಂದಿನ ಆರನೇ ಪಿನ್ ಹಾರಿ ಹತ್ತರ ಕುತ್ತಿಗೆಯನ್ನು ಸುತ್ತಿ ಹೋಗಿದ್ದರೆ ಚೆಂಡಿಗೆ ಬಲವಿದೆ, ಸಣ್ಣ ತಿದ್ದುಪಡಿ ಸಾಕು. ಆರು ಸುಮ್ಮನೆ ಲೇನಿನ ಪಕ್ಕದ ಗಟರಿನಲ್ಲಿ (ಕಾಲುವೆಯಲ್ಲಿ) ಮಲಗಿದ್ದರೆ ಚೆಂಡು ಸೋತು ತಲುಪಿದೆ, ಅಥವಾ ಇನ್ನೂ ಉರುಳತೊಡಗುವ ಮೊದಲೇ ತಲುಪಿದೆ. ಚೆಂಡಿನ ಕೊನೆಯ ಕೆಲವು ಅಡಿಗಳನ್ನು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಮೊದಲನೆಯದಾದರೆ ಸ್ವಲ್ಪ ಒಳಗೆ ಸರಿದು ಹೆಚ್ಚು ಎಣ್ಣೆಯ ಮೇಲೆ ಆಡಿ. ಎರಡನೆಯದಾದರೆ ವೇಗ ತಗ್ಗಿಸಿ ಅಥವಾ ಮೇಲ್ಮೈ ಒರಟಾಗಿರುವ ಚೆಂಡನ್ನು ತೆಗೆದುಕೊಳ್ಳಿ.

ಚೆಂಡಿನ ಮೇಲ್ಮೈಯನ್ನು ಉಜ್ಜುವ ಕೆಲಸವನ್ನು ಆಟಕ್ಕೆ ಮೊದಲೇ ಮುಗಿಸಿರಬೇಕು. ಅಮೆರಿಕದ ಬೌಲಿಂಗ್ ಕಾಂಗ್ರೆಸ್ ನಿಯಮದಂತೆ ಪಂದ್ಯ ನಡೆಯುವಾಗ ಉಜ್ಜುವಂತಿಲ್ಲ. 2020ರ ಆಗಸ್ಟಿನಿಂದ ದ್ರವ ಹಾಕಿ ಒರೆಸುವಂತೆಯೂ ಇಲ್ಲ, ಒಣ ಬಟ್ಟೆ ಮಾತ್ರ. ಪ್ರತಿ ಎಸೆತಕ್ಕೆ ಮುಂಚೆ ಒರೆಸಿ.

ಸ್ಪೇರಿಗೆ ಪ್ಲಾಸ್ಟಿಕ್ ಚೆಂಡನ್ನೇ ಬಳಸಿ. ಅದು ಎಣ್ಣೆಯ ಮೇಲೆ ಬಹುಮಟ್ಟಿಗೆ ನೇರವಾಗಿ ಹೋಗುವುದರಿಂದ ಲೇನ್ ಹೇಗೆ ಬದಲಾದರೂ ನಿಮ್ಮ ಗುರಿ ಬದಲಾಗುವುದಿಲ್ಲ. ಹತ್ತನೇ ಪಿನ್ನಿಗೆ ಎಡಗಡೆ ನಿಂತು ಲೇನನ್ನು ಅಡ್ಡ ದಾಟುವಂತೆ, ಮಣಿಕಟ್ಟು ತಿರುಗಿಸದೆ ಎಸೆಯಿರಿ. ಬಿಡುವಿದ್ದ ದಿನ ಬಂದು ಬರೀ ಎಡ ಮೂಲೆಯ ಏಳು ಮತ್ತು ಬಲ ಮೂಲೆಯ ಹತ್ತನೇ ಪಿನ್ನುಗಳಿಗೆ ಗುರಿಯಿಟ್ಟು ಆಡಿ, ಉಳಿದ ಪಿನ್ನುಗಳು ಬಿದ್ದವೇ ಎಂದು ನೋಡಬೇಡಿ. ಲೀಗ್ ಮುಗಿದ ರಾತ್ರಿಯೇ ಲೇನ್ ಸಂಖ್ಯೆ, ಆರಂಭಿಸಿದ ಹಲಗೆ, ಎಷ್ಟನೇ ಆಟದಲ್ಲಿ ಸರಿದಿರಿ, ಯಾವ ಸ್ಪೇರ್ ತಪ್ಪಿತು ಎಂಬುದನ್ನು ಬರೆದಿಡಿ. ಮುಂದಿನ ಅಭ್ಯಾಸ ಆ ತಪ್ಪಿದ ಸ್ಪೇರಿನಿಂದ ಶುರುವಾಗಲಿ.